ಕಾಲುವೆಯ ನೀರು, ತಟ್ಟೆಯ ಅನ್ನ

ಕಾಲುವೆಗಳ ಊರು ಎಂದೊಡನೆ ಓದುಬರಹ ಬಲ್ಲವರಿಗೆಲ್ಲ ಇಟಲಿಯ ವೆನಿಸ್ ನಗರವೋ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರವೋ ನೆನಪಿಗೆ ಬರುವುದು ಸಹಜ. ಅಷ್ಟು ದೂರ ಹೋಗಲಾಗದವರಿಗೆ ಕೇರಳದ ಆಲಪ್ಪುಳ ಇದ್ದೇ ಇದೆ. ಹೊರದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗ ಒಂದೆರಡು ವರ್ಷಗಳಿಂದ, "ಅಪ್ಪಾ, ಅಮ್ಮನನ್ನು ಕರೆದುಕೊಂಡು ಒಮ್ಮೆ ಬನ್ನಿ. ವೆನಿಸ್ ತೋರಿಸುತ್ತೇನೆ, ದೋಣಿಯಲ್ಲೇ ಊರೆಲ್ಲ ಸುತ್ತಬಹುದು, ಒಳ್ಳೊಳ್ಳೆಯ ತಿಂಡಿ ಸಿಗುತ್ತದೆ" ಎಂದು ಒತ್ತಾಯಿಸುತ್ತಲೇ ಇದ್ದ. ನನಗೂ ಆಸೆಯಿಲ್ಲದೆ ಇರಲಿಲ್ಲ. ಆದರೆ ನನ್ನ ಶ್ರೀಮತಿ ಮಾತ್ರ, "ನಾನು ನೋಡಬೇಕಾದ ಕಾಲುವೆ ಬೇರೆ ಇದೆ. ಮೊದಲು ಅದನ್ನು ತೋರಿಸಿ" ಎಂದುಬಿಟ್ಟರು. ಹೀಗೆ 2024ರ ಅಕ್ಟೋಬರ್ ತಿಂಗಳಿನಲ್ಲಿ, ದಸರೆ ಕಳೆದ ಮೇಲೆ, ಎಪ್ಪತ್ತೇಳರ ನಾನೂ ಎಪ್ಪತ್ತನಾಲ್ಕರ ಆಕೆಯೂ ಕಡೂರಿನಿಂದ ತರೀಕೆರೆ, ಲಕ್ಕವಳ್ಳಿ, ಅಜ್ಜಂಪುರಗಳಿಗೆ ಎರಡು ದಿನದ ಪ್ರವಾಸ ಹೋಗಿ ಬಂದೆವು. ಪಾಸ್‌ಪೋರ್ಟ್ ಬೇಕಾಗಲಿಲ್ಲ. ಶ್ರೀಮತಿಯವರಿಗಂತೂ ಟಿಕೇಟಿನ ದುಡ್ಡೂ ಬೇಕಾಗಲಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯ ದೆಸೆಯಿಂದ ಸರ್ಕಾರಿ ಬಸ್ಸಿನಲ್ಲಿ ಆಕೆಯದು ಉಚಿತ ಪ್ರಯಾಣ, ನನ್ನದು ಮಾತ್ರ ದುಡ್ಡಿನ ಪ್ರಯಾಣ!

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಮೂರು ಊರುಗಳ ಪರಿಚಯ ಹೇಳಬೇಕಾದ ಅಗತ್ಯವಿಲ್ಲ. ಮೂರರಲ್ಲೂ ನಾನು ಪಾಠ ಹೇಳಿದ್ದೇನೆ, ಮೂರರಲ್ಲೂ ನಿಮ್ಮ ಕೈಯಲ್ಲಿ ಕರ್ನಾಟಕದ ನಕಾಶೆ ಬರೆಸಿದ್ದೇನೆ. ಆದರೆ ದೂರದ ಊರುಗಳಲ್ಲಿ ಬೆಳೆದ ಮೊಮ್ಮಕ್ಕಳ ಸಲುವಾಗಿ ಎರಡು ಮಾತು. ಚಂದ್ರದ್ರೋಣ ಪರ್ವತದ ಪೂರ್ವಕ್ಕಿರುವ ಕಡೂರು ಮಳೆಯ ನೆರಳಿನ ಸೀಮೆ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆಯೆಂದು ಹೆಸರಿದ್ದರೂ ಮೋಡಗಳು ಆ ಗೌರವವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣೆ. ಬೆಟ್ಟದ ಈಚೆ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಅಯ್ಯನಕೆರೆಯನ್ನೂ ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಒಂದಾಗಿ, ವೇದಾವತಿಯೆಂಬ ಹೆಸರು ಪಡೆದು ಹಿರಿಯೂರಿನ ಕಡೆಗೆ ಹರಿಯುತ್ತವೆ. ಹರಿಯುತ್ತವೆ ಎಂದು ಬರೆದೆನಾದರೂ ನಾನು ಕಂಡ ವೇದಾವತಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಪರ್ವತದ ಆಚೆ ಮಗ್ಗುಲಿನಲ್ಲಾದರೋ ಭದ್ರೆ ಹರಿಯುತ್ತಾಳೆ. ಹಕ್ಕಿ ಹಾರುವ ಲೆಕ್ಕದಲ್ಲಿ ದೂರ ಹೆಚ್ಚಿಲ್ಲ. ಆದರೆ ಅಲ್ಲಿಯ ಜನರು ಅಕ್ಕಿ ಉಂಡರು, ನಾವು ರಾಗಿ ಉಂಡೆವು.

ಶ್ರೀಮತಿಯವರು ಹುಟ್ಟಿದ್ದು ಆ ಭದ್ರೆಯ ದಂಡೆಯ ಒಂದು ಪುಟ್ಟ ಹಳ್ಳಿಯಲ್ಲಿ. ಆಕೆಗೆ ಹನ್ನೆರಡು ವರ್ಷವಿದ್ದಾಗ ಲಕ್ಕವಳ್ಳಿಯ ಅಣೆಕಟ್ಟೆಯ ಹಿನ್ನೀರು ಆ ಹಳ್ಳಿಯನ್ನು ಮುಳುಗಿಸಿತು. ನನ್ನ ಮಾವನವರು ಪರಿಹಾರವಾಗಿ ಬಂದ ಅಲ್ಪ ಹಣಕ್ಕೆ ಹೆಂಡತಿಯ ಒಡವೆಯನ್ನೂ ಸೇರಿಸಿ ತರೀಕೆರೆಯ ಕಡೆ, ಅದೇ ಅಣೆಕಟ್ಟೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಗದ್ದೆ ಕೊಂಡರು. ಊರನ್ನು ನುಂಗಿದ ನೀರೇ ಕಾಲುವೆಯಲ್ಲಿ ಬಂದು ಅವರ ಹೊಸ ಗದ್ದೆಗೆ ಹಾಯಿತು. ಆ ಅಕ್ಕಿಯಲ್ಲಿಯೇ ಮಕ್ಕಳನ್ನು ಬೆಳೆಸಿ ಮದುವೆ ಮಾಡಿದರು. ಆದರೆ ಸಾಯುವವರೆಗೆ ಒಮ್ಮೆಯೂ ಅಣೆಕಟ್ಟೆ ನೋಡಲು ಹೋಗಲಿಲ್ಲ. ಯಾರಾದರೂ ಕರೆದರೆ, "ಅದರ ನೀರನ್ನು ದಿನವೂ ನೋಡುತ್ತೇನಲ್ಲ" ಎನ್ನುತ್ತಿದ್ದರು. ಶ್ರೀಮತಿಯವರೂ ಹೋದವರಲ್ಲ. ಐವತ್ಮೂರು ವರ್ಷಗಳ ಸಂಸಾರದಲ್ಲಿ ಕಾಶಿ ರಾಮೇಶ್ವರಗಳನ್ನು ಕಂಡೆವು, ಮನೆಯಿಂದ ಎರಡು ಗಂಟೆಯ ಹಾದಿಯಾದ ಲಕ್ಕವಳ್ಳಿಯನ್ನು ಕಾಣಲಿಲ್ಲ.

1971ರಲ್ಲಿ ಆಕೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಮೊದಲ ಸಮಸ್ಯೆಯಾದದ್ದು ನೀರು. ನಮ್ಮ ಬಾವಿ ಅರವತ್ತು ಅಡಿ ಆಳದ್ದು. ಹಗ್ಗ ಎಳೆದು ಎಳೆದು ನಮ್ಮ ತಾಯಿಯವರ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಸ್ನಾನದ ನೀರು ತೆಂಗಿಗೆ. ಹೀಗೆ ಒಂದೊಂದು ಬಿಂದಿಗೆಗೂ ಎರಡೆರಡು ಜನ್ಮ. ಕಾಲುವೆಯ ದಂಡೆಯಲ್ಲಿ ಬೆಳೆದ ಹುಡುಗಿ ಬೆಳಗ್ಗೆ ಅಂಗಳಕ್ಕೆ ಮೂರು ಕೊಡ ನೀರು ಚೆಲ್ಲಿ ಸಾರಿಸಿದುದನ್ನು ಕಂಡು ತಾಯಿಯವರು ಏನೂ ಆಡದೆ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಎರಡನೆಯ ಸಮಸ್ಯೆ ಮುದ್ದೆಯದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬ ಶಾಸ್ತ್ರ ಆಕೆಗೆ ತಿಳಿಯದು. ಒಂದು ತುತ್ತನ್ನು ಬಾಯಿಯಲ್ಲಿಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಂಡಾಗ, ತಾಯಿಯವರೇ ಎದ್ದು ಹೋಗಿ ಒಂದು ಹಿಡಿ ಅಕ್ಕಿ ಬೇಯಿಸಿ ಬಡಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಒಲೆ ಉರಿದವು, ಒಂದು ರಾಗಿಗೆ, ಇನ್ನೊಂದು ಅಕ್ಕಿಗೆ.

ಪ್ರವಾಸಕ್ಕೆ ಬರೋಣ. ಬೀರೂರು ದಾಟಿ ತರೀಕೆರೆಯತ್ತ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ತೆಂಗಿನ ಜೊತೆಗೆ ಅಡಿಕೆ ಒತ್ತಾಗುತ್ತದೆ, ಪಶ್ಚಿಮದಲ್ಲಿ ಬೆಟ್ಟದ ಸಾಲು ಹತ್ತಿರ ಸರಿಯುತ್ತದೆ. ತರೀಕೆರೆಯಲ್ಲಿ ಇಳಿದೊಡನೆ ಶ್ರೀಮತಿಯವರು ನಗುತ್ತ, ಕೆರೆಯ ಏರಿಯನ್ನೂ ಮೂರು ಕರಿ ಕುರಿಮರಿಗಳನ್ನೂ ಸೇರಿಸಿದ ಆ ನಾಲಿಗೆ ತೊಡರುವ ಮಾತನ್ನು ತಡೆಯಿಲ್ಲದೆ ಮೂರು ಸಲ ಹೇಳಿ ತೋರಿಸಿದರು. ನಾನು ಎರಡನೆಯ ಸಲಕ್ಕೇ ತೊಡರಿದೆ. ಬಸ್ ನಿಲ್ದಾಣದ ಬಳಿಯ ಒಂದು ಹಳೆಯ ಹೋಟೆಲಿನಲ್ಲಿ ಬಿಸಿ ಪಡ್ಡು ಮತ್ತು ಕಾಯಿಚಟ್ನಿ ತಿಂದೆವು. ಹೊರಗೆ ಗರಿಗರಿ, ಒಳಗೆ ಹತ್ತಿಯಷ್ಟು ಮೆತ್ತಗೆ. ಚಟ್ನಿಗೆ ಕಾಯಿ ಹಾಕುವುದರಲ್ಲಿ ತರೀಕೆರೆಯವರು ಜಿಪುಣರಲ್ಲ. ಅಲ್ಲಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಾರು ತಂದಿದ್ದ. ಎಸ್.ಎಸ್.ಎಲ್.ಸಿ.ಯಲ್ಲಿ ಸಮಾಜ ವಿಜ್ಞಾನಕ್ಕೆ ಎಪ್ಪತ್ತೆಂಟು ಅಂಕ ತೆಗೆದುದನ್ನು ಅವನೇ ನನಗೆ ನೆನಪಿಸಿದ.

ಮೊದಲು ಅಮೃತಾಪುರಕ್ಕೆ ಹೋದೆವು. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವದು. ಅಲ್ಲಿಯ ಶಾಸನದಲ್ಲಿ ಕವಿ ಜನ್ನನ ರಚನೆಯಿದೆ. ಮುಂದೆ ಹೆಸರಾಂತ ಶಿಲ್ಪಿಯಾದ ರೂವಾರಿ ಮಲ್ಲಿತಮ್ಮ ಕೆಲಸ ಆರಂಭಿಸಿದ ಎಡೆಗಳಲ್ಲಿ ಇದೂ ಒಂದು. ತೆರೆದ ಮಂಟಪದ ಸುತ್ತಲಿನ ಕೈಪಿಡಿ ಗೋಡೆಯ ದಕ್ಷಿಣ ಭಾಗದಲ್ಲಿ 70 ಫಲಕಗಳಲ್ಲಿ ರಾಮಾಯಣ ಮೂಡಿದೆ. ವಿಶೇಷವೆಂದರೆ ಅಲ್ಲಿ ಕಥೆ ಸಾಗುವುದು ಅಪ್ರದಕ್ಷಿಣವಾಗಿ. ಉತ್ತರ ಭಾಗದಲ್ಲಿ ಭಾಗವತದ 25 ಮತ್ತು ಮಹಾಭಾರತದ 45 ಫಲಕಗಳು ಪ್ರದಕ್ಷಿಣವಾಗಿಯೇ ಇವೆ. ಇದನ್ನೆಲ್ಲ ನಾನು ತರಗತಿಯಲ್ಲಿ ನಿಂತವನಂತೆ ವಿವರಿಸುತ್ತಿರುವಾಗ ಶ್ರೀಮತಿಯವರು, "ರಾಮ ಕಾಡಿನಿಂದ ಊರಿಗೆ ಮರಳಬೇಕಲ್ಲ, ಅದಕ್ಕೇ ಹಿಂದಕ್ಕೆ ಕೆತ್ತಿದ್ದಾರೆ" ಎಂದರು. ಯಾವ ವಿದ್ವಾಂಸರೂ ಹೀಗೆ ಬರೆದುದನ್ನು ನಾನು ಓದಿಲ್ಲ. ಆದರೆ ಅಂದು ಆಕೆಯ ಮನಸ್ಸು ಎಲ್ಲಿತ್ತೆಂಬುದು ನನಗೆ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಲಕ್ಕವಳ್ಳಿ ತಲುಪಿದೆವು. 1947ರಲ್ಲಿ ಕೆಲಸ ಆರಂಭವಾಗಿ 1965ರಲ್ಲಿ ಪೂರ್ಣಗೊಂಡ ಅಣೆಕಟ್ಟೆ ಇದು. ಪೂರ್ಣಮಟ್ಟ 186 ಅಡಿ, ಸಂಗ್ರಹ 71.5 ಟಿ.ಎಂ.ಸಿ. ಎರಡು ದಂಡೆಗಳಿಂದಲೂ ಕಾಲುವೆಗಳು ಹೊರಡುತ್ತವೆ. ಬಲದಂಡೆಯದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಸೀಮೆಗಳಿಗೆ ನೀರುಣಿಸುತ್ತದೆ. ಒಟ್ಟು ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಅಚ್ಚುಕಟ್ಟು. ಇವೆಲ್ಲ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಅಂಕಿಗಳು. ಬಹೂದ್ದೇಶ ನದಿಕಣಿವೆ ಯೋಜನೆಗಳ ಪಾಠದಲ್ಲಿ ಉಪಯೋಗಗಳು ಎಂಬ ಶೀರ್ಷಿಕೆಯ ಕೆಳಗೆ ನೀರಾವರಿ, ವಿದ್ಯುತ್, ಮೀನುಗಾರಿಕೆ ಎಂದು ಅಂಶಗಳಿರುತ್ತಿದ್ದವು. ನಕಾಶೆಯಲ್ಲಿ ಲಕ್ಕವಳ್ಳಿಯ ಹಿಂದೆ ನೀಲಿ ಬಣ್ಣ ತುಂಬಬೇಕಿತ್ತು. ನಿಮ್ಮಲ್ಲಿ ಅನೇಕರು ಬಹಳ ಚೆನ್ನಾಗಿ ತುಂಬುತ್ತಿದ್ದಿರಿ. ಆ ಉತ್ತರಪತ್ರಿಕೆಗಳನ್ನು ಮನೆಗೆ ತಂದು ತಿದ್ದುತ್ತಿದ್ದಾಗ ಕಾಫಿ ತಂದಿಡುತ್ತಿದ್ದ ಶ್ರೀಮತಿಯವರು ಒಮ್ಮೊಮ್ಮೆ ಬಗ್ಗಿ ಆ ನೀಲಿಯನ್ನು ನೋಡಿ ಒಳಗೆ ಹೋಗುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಹಿನ್ನೀರು ಕಾಣುವ ಒಂದು ದಿಣ್ಣೆಯ ಬಳಿ ಕಾರು ನಿಲ್ಲಿಸಿ ಇಳಿದಾಗ ಕಣ್ಣಳತೆಯವರೆಗೂ ನೀರೇ ನೀರು. ಅದರಾಚೆ ಭದ್ರಾ ಅಭಯಾರಣ್ಯದ ಕಾಡು, ಅದರ ಮೇಲೆ ಬೆಟ್ಟ, ಬೆಟ್ಟದ ಮೇಲೆ ಮೋಡ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ನಾವು ಹೋದಾಗ ಆ ನಡುಗಡ್ಡೆಗಳೂ ಮುಳುಗಿದ್ದವು. ಶ್ರೀಮತಿಯವರು ಸೆರಗನ್ನು ತಲೆಯ ಮೇಲೆ ಹೊದ್ದು ಬಹಳ ಹೊತ್ತು ನಿಂತರು. ತನ್ನ ಊರು ಯಾವ ದಿಕ್ಕಿಗೆ ಇದ್ದೀತೆಂದು ಬೆಟ್ಟದ ಕೋಡುಗಳನ್ನು ಗುರುತು ಹಿಡಿದು ಅಂದಾಜು ಮಾಡಿದರು. ಮೊದಲು ಎಡಕ್ಕೆ ಕೈ ತೋರಿಸಿದರು, ಆಮೇಲೆ ಅಲ್ಲವೆಂದು ಸ್ವಲ್ಪ ಬಲಕ್ಕೆ.

"ಊರ ಮುಂದೆ ಒಂದು ಹುಣಸೆಮರ ಇತ್ತು. ನೀರು ಬರುತ್ತದೆ ಎಂದು ಗೊತ್ತಾದ ಮೇಲೂ ಅಪ್ಪ ಆ ವರ್ಷದ ಹುಣಸೆಹಣ್ಣು ಬಡಿಸಿದರು. ಅವ್ವ ಬೀಜ ಬಿಡಿಸಿ, ಉಪ್ಪು ಹಾಕಿ ಗಡಿಗೆಗೆ ತುಂಬಿದಳು. ಬಾಗಿಲು, ತೊಲೆ, ಹೆಂಚು ಎಲ್ಲವನ್ನೂ ಗಾಡಿಗೆ ಹೇರಿದೆವು. ಒರಳುಕಲ್ಲು ಮಾತ್ರ ನೆಲದಲ್ಲಿ ಹುಗಿದಿತ್ತು, ಏಳಲಿಲ್ಲ. ಅದು ಅಲ್ಲೇ ಇರಬೇಕು" ಎಂದರು.

ನಮ್ಮ ಶಿಷ್ಯ ಮೆಲ್ಲನೆ, "ಅಮ್ಮಾ, ಇಲ್ಲಿ ನೂರ ಎಂಬತ್ತಾರು ಅಡಿ ನೀರು ನಿಲ್ಲುತ್ತದೆ" ಎಂದ. ಮೇಷ್ಟ್ರ ಬುದ್ಧಿ ಬಿಡಬೇಕಲ್ಲ! ಅದು ಅಣೆಕಟ್ಟೆಯ ಬಳಿಯ ಲೆಕ್ಕ, ಹಿಂದಕ್ಕೆ ಹೋದಂತೆ ಆಳ ಕಡಿಮೆಯಾಗುತ್ತದೆ, ನಿಮ್ಮ ಊರಿನ ಮೇಲೆ ಅಷ್ಟು ಇರಲಾರದು ಎಂದು ನಾನು ವಿವರಿಸಿದೆ.

"ಕಡಿಮೆಯಾದರೇನು ಅಂದ್ರೆ, ಮುಳುಗಿದ್ದು ಮುಳುಗಿದ್ದೇ" ಎಂದರು ಆಕೆ. ಕೋಪದಿಂದಲ್ಲ, ಒಂದು ಲೆಕ್ಕವನ್ನು ಸರಿಪಡಿಸುವವರಂತೆ.

ಮನೆಯಿಂದ ಕಟ್ಟಿ ತಂದಿದ್ದ ಚಿತ್ರಾನ್ನವನ್ನು ಅಲ್ಲಿಯೇ ಕುಳಿತು ತಿಂದೆವು. ಹುಣಸೆಯ ಗೊಜ್ಜಿನ ಚಿತ್ರಾನ್ನ, ನಿಂಬೆಯದಲ್ಲ. ಅದನ್ನೇ ಏಕೆ ಮಾಡಿ ತಂದಿದ್ದರೆಂದು ನಾನು ಕೇಳಲಿಲ್ಲ.

ಮರಳುವಾಗ ಎಂ.ಸಿ. ಹಳ್ಳಿಯ ವಿಷಯ ಮಾತಿಗೆ ಬಂತು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಬಳಿಕ, 2001-02ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ಅಲ್ಲಿಗೂ ಕೆಳಗೂರಿಗೂ ಸ್ಥಳಾಂತರಿಸಲಾಯಿತು. ಭೂಮಿಗೆ ಭೂಮಿ, ನೀರಾವರಿ, ಶಾಲೆ, ರಸ್ತೆಗಳನ್ನು ಒದಗಿಸಿದ ಈ ಪುನರ್ವಸತಿಯನ್ನು ದೇಶದಲ್ಲಿಯೇ ಮೇಲ್ಪಂಕ್ತಿಯೆಂದು ಬಲ್ಲವರು ಹೇಳುತ್ತಾರೆ. ನಲವತ್ತು ವರ್ಷ ಮುಂಚೆ ಹೀಗೆ ಎದ್ದು ಬಂದವರಿಗೆ ಆ ಭಾಗ್ಯವಿರಲಿಲ್ಲ. ಶ್ರೀಮತಿಯವರು ಎಲ್ಲವನ್ನೂ ಕೇಳಿ, "ಇವರಿಗಾದರೂ ಒಳ್ಳೆಯದಾಯಿತಲ್ಲ" ಎಂದರು. ಆ ಮಾತಿನಲ್ಲಿ ಅಸೂಯೆ ಇರಲಿಲ್ಲ.

ಸಂಜೆ ತವರಿನವರ ಗದ್ದೆಯ ಬಳಿ ಕಾಲುವೆಯ ಏರಿಯ ಮೇಲೆ ನಡೆದೆವು. ಬತ್ತ ಹಾಲುಗಟ್ಟುವ ಕಾಲ. ತೂಬಿನಿಂದ ನೀರು ಬುಳುಬುಳು ಸದ್ದು ಮಾಡುತ್ತ ಇಳಿಯುತ್ತಿತ್ತು. ಬತ್ತದ ಗದ್ದೆಗಳ ನಡುವೆ ಈಗ ಅಡಿಕೆಯ ತೋಟಗಳೇ ಹೆಚ್ಚುತ್ತಿವೆ. ಅಡಿಕೆಗೆ ವರ್ಷವಿಡೀ ನೀರು ಬೇಕು. ಮೇಲಿನವರು ಹೆಚ್ಚು ಎಳೆದುಕೊಂಡರೆ ನೂರು ಕಿಲೋಮೀಟರ್ ಆಚೆ ಕೊನೆಯ ಭಾಗದಲ್ಲಿರುವ ರೈತ ಬೀದಿಗಿಳಿಯುತ್ತಾನೆ. ಕಾಲುವೆಯ ತಲೆಯಲ್ಲಿರುವವನ ಬಾಯಾರಿಕೆ ಬೇರೆ, ಬಾಲದಲ್ಲಿರುವವನದು ಬೇರೆ. ನಮ್ಮ ಕಡೂರಿನವರಿಗೆ ಬಹುಕಾಲ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ.

ಆ ರಾತ್ರಿ ನಾದಿನಿಯ ಮನೆಯಲ್ಲಿ ನಡೆದ ಸತ್ಕಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಹಬೆಯಲ್ಲಿ ಬೆಂದ ಅಕ್ಕಿಯ ಕಡುಬು, ಅದಕ್ಕೆ ಏಲಕ್ಕಿ ಬೆಲ್ಲ ಬೆರೆಸಿದ ಕಾಯಿಹಾಲು. ಖಾರಕ್ಕೆ ಕೆಸುವಿನ ಸೊಪ್ಪಿನ ಗೊಜ್ಜು. ಕಾವಲಿಯಿಂದ ನೇರವಾಗಿ ತಟ್ಟೆಗೆ ಬೀಳುವ ಅಕ್ಕಿರೊಟ್ಟಿ, ಅದರ ಮೇಲೆ ಕರಗುವ ಬೆಣ್ಣೆ. ಭರಣಿಯ ಮುಚ್ಚಳ ತೆಗೆದೊಡನೆ ಪಡಸಾಲೆಯವರೆಗೂ ಪರಿಮಳ ಬರುವ ಅಪ್ಪೆಮಿಡಿ ಉಪ್ಪಿನಕಾಯಿ. "ಭಾವ, ಇನ್ನೊಂದು ಕಡುಬು" ಎಂದು ನಾದಿನಿ ಬಡಿಸುತ್ತಲೇ ಇದ್ದರು, "ಸಕ್ಕರೆ ಕಾಯಿಲೆ ಇದೆ" ಎಂದು ಶ್ರೀಮತಿಯವರು ತಡೆಯುತ್ತಲೇ ಇದ್ದರು. ಗೆದ್ದದ್ದು ನಾದಿನಿ. ಅಕ್ಕತಂಗಿಯರಿಬ್ಬರೂ ಮಧ್ಯರಾತ್ರಿಯವರೆಗೆ ಮುಳುಗಿದ ಊರಿನ ಮನೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದುದು ನನಗೆ ನಿದ್ದೆಯಲ್ಲಿ ಕೇಳಿಸುತ್ತಿತ್ತು. ಎಡಗಡೆಯ ಸಾಲಿನಲ್ಲಿ ಆರೋ ಏಳೋ ಎಂಬುದು ತೀರ್ಮಾನವಾಗಲಿಲ್ಲ.

ಮರುದಿನ ಅಜ್ಜಂಪುರ. ತರೀಕೆರೆ ತಾಲ್ಲೂಕಿನಲ್ಲಿದ್ದ ಇದು ಈಗ ತಾನೇ ಒಂದು ತಾಲ್ಲೂಕು. ಕಾಡುಮಲೆಗಳು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಅಮೃತಮಹಲ್ ತಳಿಯ ದನಗಳ ಸಂವರ್ಧನೆ ಇಲ್ಲಿಯ ಕಾವಲಿನಲ್ಲಿ 1929ರಿಂದ ನಡೆದುಬಂದಿದೆ. ಉದ್ದ ಕೊಂಬಿನ, ಬೂದುಬಣ್ಣದ ಆ ದನಗಳನ್ನು ನೋಡಿದರೆ ಹಿಂದಿನ ಅರಸರ ಸೈನ್ಯದ ಬಂಡಿಗಳು ಎಷ್ಟು ವೇಗವಾಗಿ ಓಡಿರಬಹುದೆಂದು ಊಹಿಸಬಹುದು. ರಸ್ತೆಯ ಪಕ್ಕದಲ್ಲಿ ಈರುಳ್ಳಿಯ ರಾಶಿಗಳು, ಹೆಣ್ಣುಮಕ್ಕಳು ಸಾಲಾಗಿ ಕುಳಿತು ಬಾಲ ಕೊಯ್ಯುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೆವು. ಮಂಡಕ್ಕಿಗೆ ಹೆಚ್ಚಿ ಹಾಕಿದ ಈರುಳ್ಳಿ ಆಗಷ್ಟೇ ಹೊಲದಿಂದ ಬಂದದ್ದು.

ನಾವು ಅಜ್ಜಂಪುರಕ್ಕೆ ಬಂದದ್ದು ಇನ್ನೊಂದು ಕಾಲುವೆಯನ್ನು ನೋಡಲು. ಭದ್ರಾ ಮೇಲ್ದಂಡೆ ಯೋಜನೆಯ ಹೆಸರನ್ನು ನೀವು ಕೇಳಿದ್ದೀರಿ. ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನು ಭದ್ರೆಗೆ ತಂದು, ಭದ್ರೆಯದೇ ಪಾಲಿನ 12.5 ಟಿ.ಎಂ.ಸಿ.ಯನ್ನು ಸೇರಿಸಿ, ತರೀಕೆರೆ ಸೀಮೆಯ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಗಳಲ್ಲಿ ಎರಡು ಹಂತಗಳಲ್ಲಿ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದಲ್ಲಿ ದಿಣ್ಣೆಯನ್ನು ದಾಟಿಸಿ ಪೂರ್ವದ ಬರಸೀಮೆಗೆ ಕಳುಹಿಸುವುದು ಇದರ ಉದ್ದೇಶ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ ಯೋಜನೆ. ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಆದರೆ 2019ರಿಂದಲೇ ಭದ್ರೆಯ ನೀರು ಈ ಸುರಂಗ ದಾಟಿ, ಹಳ್ಳ ಹಿಡಿದು, ವೇದಾವತಿಯನ್ನು ಸೇರಿ ವಾಣಿವಿಲಾಸ ಸಾಗರಕ್ಕೆ ಹರಿದಿದೆ.

ಕಾಲುವೆಯ ಮೇಲಿನ ಒಂದು ಸೇತುವೆಯಲ್ಲಿ ನಿಂತು ಕೆಳಗೆ ನೋಡಿದೆವು. ತರೀಕೆರೆಯ ಕಾಲುವೆ ಊರ ದಾರಿಯಂತೆ ಹೊಲಗದ್ದೆಗಳನ್ನು ಮಾತನಾಡಿಸುತ್ತ ಹೋಗುವಂಥದು. ಇದಾದರೋ ಆಳವಾಗಿ ಅಗೆದ ನೆಲದಲ್ಲಿ, ಕಾಂಕ್ರೀಟಿನ ಗೋಡೆಗಳ ನಡುವೆ, ಯಾರನ್ನೂ ಕಣ್ಣೆತ್ತಿ ನೋಡದೆ ಓಡುತ್ತದೆ. ಪಕ್ಕದ ಹೊಲದಲ್ಲಿ ಒಬ್ಬ ರೈತರು ಮಳೆಯನ್ನೇ ನಂಬಿ ಬೆಳೆದ ರಾಗಿಯನ್ನು ನೋಡುತ್ತ ನಿಂತಿದ್ದರು. "ನಮ್ಮ ನೆಲ ಕೊಟ್ಟಿದ್ದೇವೆ ಸ್ವಾಮೀ. ನೀರು ಹೋಗುವುದನ್ನು ದಿನಾ ನೋಡುತ್ತೇವೆ. ಕೆರೆಗಾದರೂ ಬಿಟ್ಟರೆ ಸಾಕು" ಎಂದರು. ಇತ್ತಲಿನ ಕೆರೆಗಳನ್ನು ತುಂಬಿಸುವ ಯೋಜನೆಗಳೂ ಇವೆ. ಅವರ ಕೆರೆಗೆ ನೀರು ಬಂದ ದಿನ ಅವರಿಗೆ ನಂಬಿಕೆ ಬಂದೀತು.

ಪ್ರಕೃತಿಯ ಲೆಕ್ಕದಲ್ಲಿ ಭದ್ರೆ ತುಂಗೆಯನ್ನು ಕೂಡಿ, ವೇದಾವತಿ ಹಗರಿಯೆಂಬ ಹೆಸರು ಪಡೆದು, ಬಳ್ಳಾರಿಯ ಸೀಮೆಯಲ್ಲಿ ಅಷ್ಟು ದೂರ ಹೋದ ಮೇಲಷ್ಟೇ ಪರಸ್ಪರ ಸೇರಬೇಕು. ಮನುಷ್ಯ ದಿಣ್ಣೆ ಕೊರೆದು ಇಲ್ಲಿಯೇ ಸೇರಿಸಿದ್ದಾನೆ. "ನಿನ್ನ ನದಿ ನನ್ನ ನದಿಯ ಮನೆಗೆ ಬಂತು ನೋಡು" ಎಂದು ನಾನು ತಮಾಷೆ ಮಾಡಿದೆ.

"ಬಂದದ್ದೇನೋ ಸರಿ. ಆದರೆ ಕಡೂರನ್ನು ದಾಟಿದ ಮೇಲೆ ತಾನೇ ಸೇರುವುದು? ನಿಮ್ಮ ಬಾವಿಗೆ ಏನು ಬಂತು?" ಎಂದರು ಆಕೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಊರು ಮುಳುಗಿದ್ದಕ್ಕೆ ದಾವಣಗೆರೆಯವರು ಅನ್ನ ಉಂಡರು. ಈಗ ಚಿತ್ರದುರ್ಗದವರು ನೀರು ಕುಡಿಯುತ್ತಾರೆ. ಕುಡಿಯಲಿ, ಬೇಡವೆನ್ನುವುದಿಲ್ಲ. ಈ ನೀರು ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಿದರೆ ಸಾಕು" ಎಂದರು. ಮೂವತ್ತು ವರ್ಷ ಈ ಪಾಠವನ್ನು ಕೇಳಿದ ನಿಮಗೆಲ್ಲ ತಲುಪಬೇಕಾದ ಮಾತು ಇದು ಎಂದು ಈ ಲೇಖನ ಬರೆಯುತ್ತಿದ್ದೇನೆ. ಅಣೆಕಟ್ಟೆ ಬೇಡವಾಗಿತ್ತು ಎಂದು ಆಕೆ ಒಮ್ಮೆಯೂ ಹೇಳಿದವರಲ್ಲ, ನಾನೂ ಹೇಳಲಾರೆ. ಬರದಲ್ಲಿ ಬೆಳೆದವನಿಗೆ ನೀರಿನ ಬೆಲೆ ಗೊತ್ತು. ಉಪಯೋಗಗಳ ಆ ಪಟ್ಟಿಯ ಪಕ್ಕದಲ್ಲಿ, ಬಿಟ್ಟು ಬಂದ ಒರಳುಕಲ್ಲಿಗೂ ಒಂದು ಸಾಲು ಸಲ್ಲಬೇಕು, ಅಷ್ಟೇ.

ಮಧ್ಯಾಹ್ನ ಅಜ್ಜಂಪುರದ ಪರಿಚಿತರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಹಸಿ ಈರುಳ್ಳಿ, ಕಡೆಗೆ ಮಜ್ಜಿಗೆ. ಶ್ರೀಮತಿಯವರು ಬಸ್ಸಾರಿಗೆ ಅದ್ದಿ ಅದ್ದಿ ಒಂದೂವರೆ ಮುದ್ದೆಯನ್ನು ಸಲೀಸಾಗಿ ನುಂಗಿದರು. ಮನೆಯವರು ಕೈತೊಳೆಯಲು ಚೊಂಬು ಕೊಟ್ಟಾಗ ಅರ್ಧ ಚೊಂಬಿನಲ್ಲಿ ಮುಗಿಸಿ, ಉಳಿದುದನ್ನು ಅಂಗಳದ ತುಳಸಿಗೆ ಹಾಕಿದರು. ನಮ್ಮ ತಾಯಿಯವರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಹರಿದಿತ್ತು, ಆಮೇಲೆ 89 ವರ್ಷ ಕಾಯಿಸಿ 2022ರಲ್ಲಿ ಹರಿಯಿತು. ನಾವು ಪ್ರವಾಸದಿಂದ ಬಂದ ಮೂರು ತಿಂಗಳಿಗೆ, 2025ರ ಜನವರಿಯಲ್ಲಿ, ಮೂರನೆಯ ಸಲ ಕೋಡಿ ಬಿತ್ತು. ದೂರದರ್ಶನದಲ್ಲಿ ಜನ ನೀರಿಗೆ ಹೂವು ಎಸೆಯುವುದನ್ನು ಶ್ರೀಮತಿಯವರು ರಾಗಿ ಕೇರುವುದನ್ನು ನಿಲ್ಲಿಸಿ ನೋಡಿದರು.

ಪ್ರಿಯ ವಿದ್ಯಾರ್ಥಿಗಳೇ, ನೆಂಟರೇ, ನೀವೂ ಒಮ್ಮೆ ಈ ಹಾದಿಯಲ್ಲಿ ಹೋಗಿ ಬನ್ನಿ. ಹಸಿರು ಬೇಕೆನ್ನುವವರಿಗೆ ಅಕ್ಟೋಬರ್ ಒಳ್ಳೆಯದು, ಹಕ್ಕಿಗಳನ್ನು ನೋಡಬೇಕೆನ್ನುವವರು ಬೇಸಿಗೆಯಲ್ಲಿ ಹೋಗಿ. ಅಮೃತಾಪುರಕ್ಕೆ ಬೆಳಗಿನ ಬಿಸಿಲು ಚೆನ್ನು. ತರೀಕೆರೆಯಲ್ಲಿ ಪಡ್ಡು, ಅಜ್ಜಂಪುರದಲ್ಲಿ ಮಂಡಕ್ಕಿ ಮೆಣಸಿನಕಾಯಿ ಮರೆಯಬೇಡಿ. ಲಕ್ಕವಳ್ಳಿಯ ಹಿನ್ನೀರಿನ ದಂಡೆಯಲ್ಲಿ ವಯಸ್ಸಾದವರು ಯಾರಾದರೂ ಸುಮ್ಮನೆ ನೀರು ನೋಡುತ್ತ ನಿಂತಿರುವುದು ಕಂಡರೆ, ಹತ್ತಿರ ಹೋಗಿ ನಿಮ್ಮ ಊರು ಯಾವುದೆಂದು ಕೇಳಿ.